ಥಾರುಗಳು ಎಲ್ಲಿಂದ ಬಂದರು?

ಉತ್ತರ ಭಾರತದ ಬುಡಕಟ್ಟು ಅಂದರೆ ಭೋಟಿಯಾ, ಗದ್ದಿ, ಬಕರ್ವಾಲ್ ಅಂತ ಪರೀಕ್ಷೆಗೆ ಹೆಸರು ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ, ಅಲ್ವಾ? ಒಂದೇ ಸಮುದಾಯವನ್ನು ಸರಿಯಾಗಿ ಓದೋಣ ಅಂತ ನಾನು ಥಾರುಗಳನ್ನು ಹಿಡಿದುಕೊಂಡೆ.

ಇವರ ನೆಲೆ ತರಾಯಿ. ಹಿಮಾಲಯದ ಬುಡದಲ್ಲಿರುವ ಜೌಗು, ಕಾಡು, ಭತ್ತದ ಗದ್ದೆಗಳ ಪಟ್ಟಿ. ಉತ್ತರಾಖಂಡದ ಖಟೀಮಾ, ಉತ್ತರ ಪ್ರದೇಶದ ಲಖೀಂಪುರ ಖೇರಿ, ಬಿಹಾರದ ಪಶ್ಚಿಮ ಚಂಪಾರಣ್‌ಗಳಲ್ಲಿ ಇದ್ದಾರೆ. ಗಡಿಯಾಚೆ ನೇಪಾಳದಲ್ಲಿ ಇನ್ನೂ ಜಾಸ್ತಿ.

ಈಗ ಮೂಲದ ಕಥೆ. ಮೊಘಲರ ಯುದ್ಧದ ಕಾಲದಲ್ಲಿ ಚಿತ್ತೋಡದ ರಜಪೂತ ಹೆಂಗಸರು ಸೇವಕರ ಜೊತೆ ತರಾಯಿಗೆ ಓಡಿಬಂದರು, ಕೊನೆಗೆ ಅವರನ್ನೇ ಮದುವೆಯಾದರು ಎನ್ನುತ್ತಾರೆ ಥಾರುಗಳದೇ ಒಂದು ಪಂಗಡವಾದ ರಾಣಾ ಥಾರುಗಳು. ಹೆಂಡತಿ ಗಂಡನ ಊಟದ ತಟ್ಟೆಯನ್ನು ಕಾಲಿನಿಂದ ತಳ್ಳುತ್ತಿದ್ದಳು, ಏಕೆಂದರೆ ಅವಳು ರಾಣಿ, ಅವನು ಆಳು! ಥಾರು ಎಂಬ ಹೆಸರು ಥಾರ್ ಮರುಭೂಮಿಯಿಂದ ಬಂತು ಅಂತಲೂ ಹೇಳುತ್ತಾರೆ. ಬೌದ್ಧರ ‘ಸ್ಥವಿರ’ (ಹಿರಿಯ ಭಿಕ್ಷು) ಎಂಬ ಪದದಿಂದ ಬಂತು ಅನ್ನುವವರೂ ಇದ್ದಾರೆ.

ಕಥೆ ಚೆನ್ನಾಗಿದೆ. ಆದರೆ ಮಲೇರಿಯಾ ಬೇರೆಯೇ ಹೇಳುತ್ತದೆ. ಹೊರಗಿನವರು ಕಾಲಿಡಲು ಹೆದರುತ್ತಿದ್ದ ತರಾಯಿಯಲ್ಲಿ ಥಾರುಗಳು ಬದುಕಿದ್ದರು. ಅವರಲ್ಲಿ ಆಲ್ಫಾ ಥಲಸ್ಸೀಮಿಯಾ ಎಂಬ, ತಂದೆತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಗುಣ ತುಂಬಾ ಸಾಮಾನ್ಯ. ಮಲೇರಿಯಾದಿಂದ ಅದು ಒಂದಿಷ್ಟು ರಕ್ಷಣೆ ಕೊಡುತ್ತದೆ. ಇಂಥದ್ದು ನಾಲ್ಕೈದು ನೂರು ವರ್ಷಗಳಲ್ಲಿ ಇಷ್ಟು ಹರಡುವುದು ಕಷ್ಟ. ಎಷ್ಟೋ ತಲೆಮಾರುಗಳಿಂದ ಅವರು ಅಲ್ಲೇ ಇದ್ದಿರಬೇಕು.

ಎಲ್ಲ ಥಾರುಗಳಿಗೂ ಒಂದೇ ಭಾಷೆಯೂ ಇಲ್ಲ. ಪಶ್ಚಿಮದಲ್ಲಿ ಹಿಂದಿ, ಅವಧಿಗೆ ಹತ್ತಿರದ ಮಾತು, ಪೂರ್ವಕ್ಕೆ ಹೋದರೆ ಭೋಜ್‌ಪುರಿ, ಮೈಥಿಲಿಯ ಛಾಯೆ. ಹಾಗಾಗಿ ಪರೀಕ್ಷೆಯಲ್ಲಿ ‘ರಜಪೂತ ಮೂಲದವರು’ ಎಂದು ಬರೆಯಬೇಡಿ. ‘ರಾಣಾ ಥಾರುಗಳು ಹಾಗೆ ಹೇಳಿಕೊಳ್ಳುತ್ತಾರೆ’ ಎಂದು ಬರೆಯಿರಿ. ನಮ್ಮ ಹಕ್ಕಿಪಿಕ್ಕಿಗಳೂ ರಾಣಾ ಪ್ರತಾಪನ ಹೆಸರು ಹೇಳುತ್ತಾರೆ, ನೆನಪಿದೆಯಾ? ಕೆಳಗೆ ತಳ್ಳಿಸಿಕೊಂಡವರು ರಾಜವಂಶದ ನೆನಪು ಹಿಡಿದು ಮಾನ ಉಳಿಸಿಕೊಳ್ಳುವುದು ಅಪರೂಪವೇನಲ್ಲ.

ಆಚರಣೆಗಳಲ್ಲಿ ನನಗೆ ಹಿಡಿಸಿದ್ದು ಚಂಪಾರಣ್‌ನ ಬರ್ನಾ. ಮಳೆಗಾಲದಲ್ಲಿ ಸುಮಾರು 60 ಗಂಟೆ ಯಾರೂ ಹುಲ್ಲು, ಎಲೆ ಕೀಳುವಂತಿಲ್ಲ, ಮನೆಯಿಂದ ಹೊರಡುವಂತಿಲ್ಲ. ರಾಣಾಗಳು ಹೋಳಿಯನ್ನು ‘ಜಿಂದಾ’ (ಜೀವಂತ), ‘ಮರೀ’ (ಸತ್ತ) ಅಂತ ಎರಡು ಭಾಗ ಮಾಡಿ ವಾರಗಟ್ಟಲೆ ಆಡುತ್ತಾರೆ.

1950ರ ದಶಕದಲ್ಲಿ ಡಿಡಿಟಿ ಸಿಂಪಡಿಸಿ ಮಲೇರಿಯಾ ತಗ್ಗಿಸಿದರು. ಸೊಳ್ಳೆ ಕಾಯುತ್ತಿದ್ದ ನೆಲಕ್ಕೆ ಹೊರಗಿನವರು ನುಗ್ಗಿದರು, ಎಷ್ಟೋ ಥಾರುಗಳ ಹೊಲ ಕೈತಪ್ಪಿತು. ಉತ್ತರ ಪ್ರದೇಶದಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 1967ರಲ್ಲಿ. ಬಿಹಾರದವರು 2003ರವರೆಗೆ ಕಾದರು.