ಸ್ಕ್ಯಾನರ್ ಇರುವಾಗ ಮೆಕ್ಯಾನಿಕ್ ಕೋರ್ಸ್ ಯಾಕೆ ಬೇಕು?

ಪ್ರಶ್ನೆ: ಟೆಕ್ನಿಕಲ್ ಕಾಲೇಜಿನಲ್ಲಿ ಆಟೋಮೊಬೈಲ್ ಮೆಕ್ಯಾನಿಕ್ ಕೋರ್ಸ್ ಸೇರಬೇಕು ಅಂತಿದ್ದೇನೆ. ಆದರೆ ಈಗಿನ ಗಾಡಿಗೆ ಸ್ಕ್ಯಾನರ್ ಸಿಕ್ಕಿಸಿದರೆ ತೊಂದರೆ ಏನೆಂದು ಅದೇ ಹೇಳಿಬಿಡುತ್ತದೆ ಅಂತಾರೆ. ಹಾಗಿದ್ದರೆ ಕಾಲೇಜಿನಲ್ಲಿ ಕೂತು ಕಲಿಯುವುದು ಏನಿದೆ?

ಉತ್ತರ: ಸ್ಕ್ಯಾನರ್ ತೊಂದರೆ ಏನೆಂದು ಹೇಳುವುದಿಲ್ಲ. ಗಾಡಿಯ ಕಂಪ್ಯೂಟರ್‌ಗೆ ಯಾವ ಲೆಕ್ಕ ತಾಳೆಯಾಗುತ್ತಿಲ್ಲ ಅನ್ನುವುದನ್ನಷ್ಟೇ ಹೇಳುತ್ತದೆ. ಅಲ್ಲಿಂದ ಕೆಟ್ಟ ಭಾಗದವರೆಗೆ ಹೋಗಬೇಕಾದವರು ನೀವು. ಒಳ್ಳೆಯ ಕೋರ್ಸ್ ಕಲಿಸುವುದು ಆ ದಾರಿಯನ್ನೇ.

ಸ್ಕ್ಯಾನರ್ ಇದನ್ನು ಹೇಳುವುದು ಕೋಡ್ ಎಂಬ ಗುರುತಿನ ಸಂಖ್ಯೆಯಲ್ಲಿ. ಒಂದು ಕೋಡ್ ತೆಗೆದುಕೊಳ್ಳೋಣ. ಪಿ0171. ಪೆಟ್ರೋಲ್ ಕಾರುಗಳಲ್ಲಿ ಇದು ಬಹಳ ಸಾಮಾನ್ಯ. ಇಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಇದರ ಅರ್ಥ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಸೈಲೆನ್ಸರ್ ಕಡೆಯ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಈ ಅಳತೆಯ ಮೇಲೆ ಕಣ್ಣಿಟ್ಟಿರುತ್ತದೆ. ಗಾಳಿ ಹೆಚ್ಚಾಯಿತು ಎಂದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ. ಹೆಚ್ಚಿಸಿ ಹೆಚ್ಚಿಸಿ ಮಿತಿ ದಾಟಿದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ.

ಕೋಡ್ ನೋಡಿದವರು ತಕ್ಷಣ ಆ ಸೆನ್ಸರನ್ನೇ ಬದಲಿಸುವುದುಂಟು. ಎಷ್ಟೋ ಸಲ ಸೆನ್ಸರ್ ನಿಜವನ್ನೇ ಹೇಳುತ್ತಿರುತ್ತದೆ! ಗಾಳಿ ಪೈಪ್ ಎಲ್ಲೋ ಸೀಳಿರಬಹುದು. ಒಳಬರುವ ಗಾಳಿ ಅಳೆಯುವ ಸೆನ್ಸರಿಗೆ ಕೊಳೆ ಹಿಡಿದಿರಬಹುದು. ಪೆಟ್ರೋಲ್ ಪಂಪ್ ಸೋತು ಪ್ರೆಶರ್ ಬೀಳುತ್ತಿರಬಹುದು. ಎಲ್ಲದಕ್ಕೂ ಕೋಡ್ ಒಂದೇ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಕಂಪ್ಯೂಟರ್ ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಎಂಬ ಅಂಕಿಯೂ ಸ್ಕ್ಯಾನರಿನಲ್ಲಿ ಕಾಣುತ್ತದೆ. ಅದಕ್ಕೆ ಫ್ಯೂಯಲ್ ಟ್ರಿಮ್ ಅಂತಾರೆ. ಗಾಡಿ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುತ್ತಾ ನಿಂತಾಗ, ಈ ಅಂಕಿ ಹೆಚ್ಚಿದ್ದು, ಆಕ್ಸಿಲರೇಟರ್ ಕೊಟ್ಟಾಗ ಇಳಿದರೆ, ಎಲ್ಲೋ ಗಾಳಿ ಸೋರುತ್ತಿದೆ ಎಂದು ಅನುಮಾನಿಸಬೇಕು. ಐಡಲಿನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ. ಹಾಗಾಗಿ ಸಣ್ಣ ಸೀಳಿನಿಂದ ನುಗ್ಗುವ ಗಾಳಿಯೂ ಅದರಲ್ಲಿ ದೊಡ್ಡ ಪಾಲಾಗುತ್ತದೆ. ಅಂಕಿ ಲೋಡ್ ಬಿದ್ದಾಗ ಏರಿದರೆ ಪಂಪ್, ಫಿಲ್ಟರ್ ಕಡೆ ನೋಡಬೇಕು. ಅಂಕಿ ತೋರಿಸುವುದು ಯಂತ್ರ. ಅದನ್ನು ಓದಲು ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಮುಚ್ಚಿದಾಗ ಇಂಜಿನ್ನಿನೊಳಗೆ ಏನಾಗುತ್ತದೆ ಎಂದು ಗೊತ್ತಿರಬೇಕು. ಬೋರು ಅನ್ನಿಸುವ ನಾಲ್ಕು ಸ್ಟ್ರೋಕಿನ ಪಾಠ ಕೆಲಸಕ್ಕೆ ಬರುವುದು ಇಲ್ಲಿ.

ಇನ್ನೊಂದು ವಿಷಯ. ಗಾಡಿಯ ಕಂಪ್ಯೂಟರ್ ತಾನೇ ತಪಾಸಣೆ ಮಾಡಿ ಇಂಥ ಕೋಡ್ ಕೊಡುವ, ಈಗ ಬಳಕೆಯಲ್ಲಿರುವ ಓಬಿಡಿ-2 ಪದ್ಧತಿ ಅಮೆರಿಕದಲ್ಲಿ ಕಾರುಗಳಿಗೆ ಕಡ್ಡಾಯವಾದದ್ದು 1996ರ ಮಾಡೆಲಿನಿಂದ. ಅದರ ಮುಖ್ಯ ಉದ್ದೇಶ ಹೊಗೆಯ ಮೇಲೆ ನಿಗಾ ಇಡುವುದು. ಸವೆದ ಬಾಲ್ ಜಾಯಿಂಟ್, ಕಿರುಗುಟ್ಟುವ ಬೇರಿಂಗ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಕರೆಂಟಿನ ವಿಷಯದಲ್ಲೂ ಹಾಗೇ. ಸೆಲ್ಫ್ ಹೊಡೆದರೆ ಇಂಜಿನ್ ನಿಧಾನಕ್ಕೆ ತಿರುಗುತ್ತದೆ ಎಂದುಕೊಳ್ಳಿ. ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ, ಅಂದರೆ ಪೂರ್ತಿ ಚಾರ್ಜ್ ಆಗಿದೆ. ಕೋಡ್ ಏನೂ ಇಲ್ಲ. ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿಗೆ ಹೋಗುವ ಅರ್ತ್ ಕೇಬಲನ್ನು ಬಿಚ್ಚಿ ಓಮ್ ಮೀಟರಿನಲ್ಲಿ ನೋಡಿದರೆ ಅದೂ ಸರಿ ಇದೆ ಅನ್ನುತ್ತದೆ. ಯಾಕೆಂದರೆ ಮೀಟರ್ ಹರಿಸುವ ಕರೆಂಟ್ ತೀರಾ ಕಡಿಮೆ, ಕೇಬಲಿನೊಳಗಿನ ಎಳೆಗಳು ಬಹುಪಾಲು ಕಡಿದಿದ್ದರೂ ಅದಕ್ಕೆ ಉಳಿದ ಒಂದೆರಡು ಎಳೆ ತಂತಿಯೇ ಸಾಕು. ಸೆಲ್ಫ್ ಮೋಟರಿಗೆ ನೂರಾರು ಆಂಪಿಯರ್ ಬೇಕು. ಅದಕ್ಕೇ ಕೇಬಲ್ ಹಾಗೇ ಇರಲಿ, ವೋಲ್ಟ್ ಮೀಟರಿನ ಒಂದು ತುದಿ ಇಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಇಟ್ಟು ಸೆಲ್ಫ್ ಹೊಡೆಯಬೇಕು. 0.2 ವೋಲ್ಟಿನ ಆಸುಪಾಸು ಬಂದರೆ ಚಿಂತೆಯಿಲ್ಲ. 1 ವೋಲ್ಟ್ ಬಂದರೆ ಕಳ್ಳ ಆ ಕೇಬಲಿನಲ್ಲೋ ಅದರ ಜಾಯಿಂಟಿನಲ್ಲೋ ಇದ್ದಾನೆ. ಇಡೀ ಕೋರ್ಸಿನಲ್ಲಿ ಒಂದೇ ಒಂದು ಪರೀಕ್ಷೆ ಚೆನ್ನಾಗಿ ಕಲಿಯುತ್ತೇನೆ ಅಂದರೆ, ಇದನ್ನೇ ಕಲಿಯಿರಿ ಅಂತೀನಿ. ಇದು ಗೊತ್ತಿಲ್ಲದೆ ಎಷ್ಟು ಒಳ್ಳೆಯ ಬ್ಯಾಟರಿಗಳನ್ನು ಸುಮ್ನೆ ಬದಲಿಸಿಬಿಡುತ್ತಾರೆ!

ಕೈಕೆಲಸವೂ ಇದೆ. ಟಾರ್ಕ್ ರೆಂಚ್, ಮೈಕ್ರೋಮೀಟರ್, ಫೀಲರ್ ಗೇಜ್ ಬಳಸುವುದು ನೋಡಿ ಬರುವ ವಿದ್ಯೆಯಲ್ಲ, ಮಾಡಿಯೇ ಬರಬೇಕು.

ಇಲೆಕ್ಟ್ರಿಕ್ ಗಾಡಿ ಬಂದರೆ ಕಲಿತದ್ದೆಲ್ಲ ಹಾಳಾಗುತ್ತದಾ? ಇಂಜಿನ್ ಪಾಠದ ಬೆಲೆ ಕಡಿಮೆಯಾಗುತ್ತದೆ, ನಿಜ. ಬ್ರೇಕ್, ಸಸ್ಪೆನ್ಷನ್, ಸ್ಟಿಯರಿಂಗ್ ಉಳಿಯುತ್ತವೆ. ಕರೆಂಟಿನ ಪಾಠದ ಬೆಲೆ ಮೊದಲಿಗಿಂತ ಏರುತ್ತದೆ. ಇಲೆಕ್ಟ್ರಿಕ್ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ 400 ವೋಲ್ಟ್, ಕೆಲವದರಲ್ಲಿ 800. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ತರಬೇತಿ ಇಲ್ಲದವರು ಮುಟ್ಟಲೇಬಾರದು. ಸಂಪರ್ಕ ಕಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ನಿಂತಿರುತ್ತದೆ. ತಯಾರಕರು ಹೇಳಿದಷ್ಟು ಹೊತ್ತು ಕಾದು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಬೇಕು. ಈ ಶಿಸ್ತನ್ನು ವಿಡಿಯೋ ನೋಡಿ ಕಲಿಯುತ್ತೇನೆ ಎನ್ನುವುದು ಪ್ರಾಣಕ್ಕೆ ಅಪಾಯ.

ಸೇರುವ ಮೊದಲು ಕಾಲೇಜಿನ ವರ್ಕ್‌ಶಾಪ್ ನೋಡಲು ಕೇಳಿ. ಸ್ಟ್ಯಾಂಡಿನ ಮೇಲೆ ಕತ್ತರಿಸಿಟ್ಟ ಇಂಜಿನ್ ಎಲ್ಲ ಕಡೆ ಇರುತ್ತದೆ, ಆರಂಭಕ್ಕೆ ಅದು ಸಾಕು. ಸ್ಟಾರ್ಟ್ ಆಗುವ ಗಾಡಿ ಇದೆಯಾ, ಒಂದು ಗಾಡಿಗೆ ಎಷ್ಟು ಜನ ನಿಲ್ಲುತ್ತಾರೆ, ವೈರಿಂಗ್ ಡಯಾಗ್ರಾಂ ಓದಿಸುತ್ತಾರಾ ಎಂದು ನೋಡಿ. ಮೇಷ್ಟ್ರು ಬೇಕಂತಲೇ ಗಾಡಿಯಲ್ಲಿ ಒಂದು ತೊಂದರೆ ಮಾಡಿಟ್ಟು ಹುಡುಗರಿಂದ ಹುಡುಕಿಸುವ ರೂಢಿ ಇದೆಯಾ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಹೌದು ಅಂದರೆ ಅಂಥ ಕಾಲೇಜನ್ನು ಬಿಡಬೇಡಿ.