ಹದ್ದಿನ ಕಣ್ಣಿಗೂ ಬೀಳದ ಹುಳು

ಕೋಲಾರದ ಕಡೆ ಟೊಮ್ಯಾಟೊ ತೋಟದಲ್ಲಿ ನಿಂತು ತಲೆಯೆತ್ತಿದರೆ ಒಂದಲ್ಲ ಒಂದು ಹದ್ದು ಕಾಣುತ್ತದೆ. ರೆಕ್ಕೆ ಬಡಿಯುವ ಶ್ರಮವೂ ಇಲ್ಲ, ಸುಮ್ನೆ ಬಿಸಿಗಾಳಿಯ ಮೇಲೆ ತೇಲುತ್ತಿರುತ್ತದೆ. ಕಣ್ಣು ಮಾತ್ರ ನೆಲದ ಮೇಲೆ. ಈಗ ಅದೇ ತೋಟದಲ್ಲಿ, ನೀರು ಕೊಟ್ಟರೂ ಮಧ್ಯಾಹ್ನಕ್ಕೆ ಬಾಡುವ ಗಿಡವೊಂದನ್ನು ಕಿತ್ತು ನೋಡಿ. ಬೇರಿನ ತುಂಬ ಗಂಟುಗಳಿದ್ದರೆ, ಅಲ್ಲೊಬ್ಬ ಬೇಟೆಗಾರ ಮನೆ ಮಾಡಿದ್ದಾನೆ ಅಂತ ಅರ್ಥ. (ಅವರೆ, ಕಡಲೆಯ ಬೇರಿನಲ್ಲಿರುವ ಒಳ್ಳೆಯ ಗಂಟು ಬೇರೆ. ಅದು ಉಗುರಿನಿಂದ ಕೆರೆದರೆ ಉದುರುತ್ತದೆ. ಇಲ್ಲಿ ಬೇರೇ ಊದಿಕೊಂಡಿರುತ್ತದೆ.)

ಇವನ ಹೆಸರು ಮೆಲಾಯ್ಡೊಗೈನಿ, ಬೇರಿನಲ್ಲಿ ಗಂಟು ಎಬ್ಬಿಸುವ ದುಂಡುಹುಳು (ನೆಮಟೋಡ್). ಬೇರಿಗೆ ನುಗ್ಗುವ ಮರಿಹುಳುವಿನ ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. ಕಣ್ಣಿಲ್ಲ. ಬೇರು ಮಣ್ಣಿಗೆ ಬಿಡುವ ರಸದ ವಾಸನೆ ಹಿಡಿದು, ಮಣ್ಣಿನ ಕಣಗಳ ನಡುವಿನ ತೇವದಲ್ಲಿ ತೆವಳಿ ಬರುತ್ತದೆ. ಹದ್ದಿಗೆ ಕೊಕ್ಕು, ಉಗುರು ಇದ್ದರೆ ಇದಕ್ಕೆ ಬಾಯೊಳಗೆ ಒಂದು ಟೊಳ್ಳು ಸೂಜಿ.

ಹದ್ದಿನ ಲೆಕ್ಕ ಸರಳ. ಎರಗು, ಹಿಡಿ, ತಿನ್ನು. ಹುಳುವಿನದು ಭಾರಿ ನಾಜೂಕಿನ ಕೆಲಸ. ಬೇರಿನ ನಾಳಗಳ ಪಕ್ಕ ತಲೆಯಿಟ್ಟು, ಐದಾರು ಜೀವಕೋಶಗಳಿಗೆ ತನ್ನ ಜೊಲ್ಲು ಚುಚ್ಚುತ್ತದೆ. ಆಮೇಲೆ ಆ ಕೋಶಗಳೊಳಗಿನ ನ್ಯೂಕ್ಲಿಯಸ್ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಲೇ ಹೋಗುತ್ತದೆ, ಕೋಶ ಮಾತ್ರ ಒಡೆಯುವುದಿಲ್ಲ. ಉಬ್ಬಿ ದೈತ್ಯ ಕೋಶವಾಗುತ್ತದೆ. ಎಲೆ ಮಾಡಿದ ಅಡುಗೆಯನ್ನು ಗಿಡ ಅಲ್ಲಿಗೇ ತಂದು ಸುರಿಯುತ್ತದೆ! ಹೆಣ್ಣುಹುಳು ಹೂಜಿಯಂತೆ ಊದಿಕೊಂಡು ಅಲ್ಲೇ ಕೂತುಬಿಡುತ್ತದೆ. ಬೇಟೆಗಾರ ಅಂದೆನಲ್ಲ, ತಪ್ಪಾಯಿತು. ಬೇಟೆ ಸತ್ತರೆ ಹದ್ದಿಗೆ ಊಟ. ಗಿಡ ಬೇಗ ಸತ್ತರೆ ಇದಕ್ಕೆ ಉಪವಾಸ.

ಹದ್ದು ಒಂದು ಸಲಕ್ಕೆ ಇಡುವುದು ಎರಡೋ ಮೂರೋ ಮೊಟ್ಟೆ. ಈ ಕುಲದ ಇನ್‌ಕಾಗ್ನಿಟಾ ಎಂಬ ಜಾತಿ ಗಂಡಿನ ಹಂಗಿಲ್ಲದೆ ನೂರಾರು ಇಡುತ್ತದೆ. ಬೆಚ್ಚನೆಯ ಮಣ್ಣಿದ್ದರೆ ಹೆಚ್ಚುಕಡಿಮೆ ತಿಂಗಳಿಗೊಂದು ತಲೆಮಾರು.

ಇವೆರಡಕ್ಕೂ ಏನು ಸಂಬಂಧ ಅಂತೀರಾ? ಒಂದಿದೆ, ವಿಷದ ಸಂಬಂಧ. ಇಂಥ ಹುಳುಗಳಿಗೆಂದು ಮಣ್ಣಿಗೆ ಹಾಕುತ್ತಿದ್ದ ಔಷಧಗಳಲ್ಲಿ ಕಾರ್ಬೊಫ್ಯೂರಾನ್ ಒಂದು. ಅದರ ಹರಳು ನೋಡಲು ಕಾಳಿನಂತೆ. ಸಣ್ಣ ಹಕ್ಕಿಗಳು ಹೆಕ್ಕಿ ತಿಂದು ಸತ್ತವು. ಅವನ್ನು ತಿಂದ ಹದ್ದು, ಗಿಡುಗಗಳೂ ಸತ್ತವು. ಅಮೆರಿಕದಲ್ಲಿ ಬೋಳುತಲೆ ಹದ್ದುಗಳೇ ಹೀಗೆ ಬಲಿಯಾದ ಮೇಲೆ, 1990ರ ದಶಕದಲ್ಲಿ ಹರಳಿನ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿದರು.

ಹುಳು ಕಾಟ ಜಾಸ್ತಿ ಇರುವ ಕಡೆ ಟೊಮ್ಯಾಟೊಗೆ ಮುಂಚೆ ಒಂದು ಬೆಳೆ ಚೆಂಡುಹೂ ಹಾಕುವುದುಂಟು. ಅದರ ಬೇರಿನಲ್ಲೂ ವಿಷವಿದೆ, ಆದರೆ ಹಕ್ಕಿಗಳು ಅದನ್ನು ಹೆಕ್ಕಿ ತಿನ್ನುವುದಿಲ್ಲ.