ಜಲರೋಧ: ಸಮುದ್ರದ ಸ್ಪಿನ್ನಿಂಗ್ ರೀಲಿನಲ್ಲಿ ಈ ಪದಕ್ಕಿರುವ ಅರ್ಥ

ಗಾಳದ ರೀಲುಗಳ ಪೆಟ್ಟಿಗೆಯ ಮೇಲೆ ‘ವಾಟರ್ ರೆಸಿಸ್ಟೆಂಟ್’, ‘ಸೀಲ್ಡ್’, ‘ವಾಟರ್‌ಪ್ರೂಫ್’ ಎಂಬ ಮಾತುಗಳು ಒಂದರ ಬದಲಿಗೆ ಇನ್ನೊಂದು ಎಂಬಂತೆ ಅಚ್ಚಾಗಿರುತ್ತವೆ. ಅಂಗಡಿಯಲ್ಲಿ ಕೇಳಿದರೆ ಮೂರಕ್ಕೂ ‘ನೀರು ಹೋಗಲ್ಲ’ ಎಂಬ ಒಂದೇ ಉತ್ತರ ಸಿಗುತ್ತದೆ. ಆದರೆ ಜಲರೋಧವೆಂಬುದು ಇದೆ ಅಥವಾ ಇಲ್ಲ ಎಂದು ಹೇಳಿ ಮುಗಿಸಬಹುದಾದ ಗುಣವಲ್ಲ. ಯಾವ ಬಗೆಯ ನೀರು, ಎಷ್ಟು ಒತ್ತಡದಲ್ಲಿ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಆ ಪದಕ್ಕೆ ಅರ್ಥ ಬರುತ್ತದೆ. ಮಲೆನಾಡಿನ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಆಷಾಢದ ಮಳೆಯಲ್ಲಿ ದಿನವಿಡೀ ದುಡಿದವರ ಬೆನ್ನು ಒದ್ದೆಯಾಗುವುದಿಲ್ಲ. ಅದೇ ಕೊಪ್ಪೆ ಹೊದ್ದು ಸೊಂಟದವರೆಗಿನ ಹಳ್ಳ ದಾಟಿದವರು ನೆನೆಯದೆ ದಡ ಸೇರುವುದಿಲ್ಲ. ಕಂಬಳಿ ಸುರಿಯುವ ನೀರನ್ನು ತಡೆಯುತ್ತದೆ, ಮುಳುಗಿಸುವ ನೀರನ್ನು ತಡೆಯುವುದಿಲ್ಲ. ರೀಲಿನ ವಿಷಯದಲ್ಲಿಯೂ ಈ ಭೇದವೇ ಮುಖ್ಯ.

ಗೊರೂರಿನ ಹೇಮಾವತಿ ಹಿನ್ನೀರಿನಲ್ಲೋ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲೋ ಬಳಸಿದ ರೀಲಿಗೆ ಈ ಚರ್ಚೆ ಹೆಚ್ಚು ಅನ್ವಯಿಸುವುದಿಲ್ಲ, ಏಕೆಂದರೆ ಸಿಹಿನೀರು ಒಳಗೆ ಹೋದರೂ ಒರೆಸಿ ಒಣಗಿಸಿದರೆ ಸಾಮಾನ್ಯವಾಗಿ ದೊಡ್ಡ ಹಾನಿಯಾಗುವುದಿಲ್ಲ. ಹಾಸನದಿಂದ ಶಿರಾಡಿ ಘಾಟಿಯನ್ನೋ ಚಿಕ್ಕಮಗಳೂರಿನಿಂದ ಚಾರ್ಮಾಡಿಯನ್ನೋ ಇಳಿದು ಕರಾವಳಿಯ ಕಲ್ಲುದಂಡೆಗಳ ಮೇಲೆ ನಿಂತು ಗಾಳ ಹಾಕುವವರಿಗೆ ಮಾತ್ರ ಇದು ತಿಳಿದಿರಲೇಬೇಕಾದ ಸಂಗತಿ. ಹಾಗೆ ಇಳಿದು ಹತ್ತುವವರ ಸಂಖ್ಯೆ ನಮ್ಮಲ್ಲಿ ಹೆಚ್ಚುತ್ತಿರುವುದರಿಂದಲೇ ಈ ಟಿಪ್ಪಣಿಯನ್ನು ಬರೆಯಬೇಕೆನಿಸಿತು.

ಮೊದಲು ಯಂತ್ರದ ರಚನೆಯನ್ನು ನೋಡೋಣ. ಸ್ಪಿನ್ನಿಂಗ್ ರೀಲಿನಲ್ಲಿ ದಾರ ಸುತ್ತಿಕೊಂಡಿರುವ ಸ್ಪೂಲು ತಿರುಗುವುದಿಲ್ಲ. ಅದರ ಸುತ್ತ ರೋಟರ್ ಎಂಬ ಬಟ್ಟಲು ತಿರುಗುತ್ತಾ ದಾರವನ್ನು ಸುತ್ತುತ್ತದೆ. ಸ್ಥಿರ ಸ್ಪೂಲಿನ ಈ ಕಲ್ಪನೆಗೆ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನ ಜವಳಿ ಉದ್ಯಮಿ ಆಲ್ಫ್ರೆಡ್ ಇಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದರು. ಗಿರಣಿಯ ನೂಲಿನ ಕಂಡಿಕೆಯ ತುದಿಯಿಂದ ನೂಲು ತಡೆಯಿಲ್ಲದೆ ಜಾರಿ ಬರುವುದನ್ನು ದಿನವೂ ಕಾಣುವ ಕಸುಬಿನವರು ಅವರು. ಇಂದಿನ ರೀಲಿನಲ್ಲಿ ಹಿಡಿಕೆ ತಿರುಗಿಸಿದಾಗ ಒಳಗಿನ ದೊಡ್ಡ ಹಲ್ಲುಚಕ್ರ ತಿರುಗಿ, ಅದಕ್ಕೆ ಲಂಬವಾಗಿರುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನು ಓಡಿಸುತ್ತದೆ. ಪಿನಿಯನ್ನು ರೋಟರನ್ನು ಹೊತ್ತು ತಿರುಗುತ್ತದೆ. ಪೆಟ್ಟಿಗೆಯ ಮೇಲೆ 5.6:1 ಎಂದಿದ್ದರೆ ಹಿಡಿಕೆಯ ಒಂದು ಸುತ್ತಿಗೆ ರೋಟರ್ ಐದೂವರೆಗಿಂತ ತುಸು ಹೆಚ್ಚು ಸುತ್ತು ಹಾಕುತ್ತದೆ ಎಂದರ್ಥ. ಪಿನಿಯನ್ನಿನ ನಡುವೆ ಟೊಳ್ಳು. ಆ ಟೊಳ್ಳಿನ ಮೂಲಕ ಮುಖ್ಯ ದಂಡವು ಹಾದು, ದಾರ ಒಂದೇ ಕಡೆ ಗುಡ್ಡೆಯಾಗದಂತೆ ಸ್ಪೂಲನ್ನು ಹಿಂದಕ್ಕೂ ಮುಂದಕ್ಕೂ ಒಯ್ಯುತ್ತದೆ. ಹಿಡಿಕೆ ಹಿಮ್ಮುಖವಾಗಿ ತಿರುಗದಂತೆ ತಡೆಯಲು ಪಿನಿಯನ್ನಿನ ಕೊರಳಿನಲ್ಲಿ ಒಮ್ಮುಖ ರೋಲರ್ ಕ್ಲಚ್ ಕೂತಿರುತ್ತದೆ. ಮೀನು ಜೋರಾಗಿ ಎಳೆದಾಗ ಮಾತ್ರ ಸ್ಪೂಲು ಜಾರುತ್ತಾ ದಾರ ಬಿಡುತ್ತದೆ. ಆ ಜಾರಿಕೆಯನ್ನು ಹಿಡಿತದಲ್ಲಿಡುವ ಬಿಲ್ಲೆಗಳ ಜೋಡಣೆಗೆ ಡ್ರ್ಯಾಗ್ ಎಂದು ಹೆಸರು.

ಇಷ್ಟನ್ನು ತಿಳಿದ ಮೇಲೆ ನೀರು ಎಲ್ಲಿಂದ ನುಗ್ಗುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಒಡಲನ್ನು ಕೊರೆದು ನೀರು ಬರುವುದಿಲ್ಲ. ಒಡಲನ್ನು ಎಲ್ಲಿ ತೆರೆದಿದ್ದಾರೋ ಅಲ್ಲಿಂದ ಬರುತ್ತದೆ. ಹಿಡಿಕೆಯ ದಂಡ ಹೊರಬರುವ ಎರಡು ಪಕ್ಕಗಳು, ಪಕ್ಕದ ಮುಚ್ಚಳ ಕೂಡುವ ಸಂದು, ರೋಟರಿನ ಕೆಳಗಿನ ಕೊರಳು, ಡ್ರ್ಯಾಗಿನ ತಿರುಪಿರುವ ಸ್ಪೂಲಿನ ನೆತ್ತಿ, ಇವು ಮುಖ್ಯ ಬಾಗಿಲುಗಳು. ಇವುಗಳಲ್ಲಿ ಮುಚ್ಚಳದ ಸಂದು ಚಲಿಸುವುದಿಲ್ಲವಾದ್ದರಿಂದ ಅಲ್ಲೊಂದು ರಬ್ಬರಿನ ಗ್ಯಾಸ್ಕೆಟ್ ಒತ್ತಿ ತಿರುಪು ಬಿಗಿದರೆ ಕೆಲಸ ಮುಗಿಯಿತು. ಕಷ್ಟವಿರುವುದು ಚಲಿಸುವ ಜಾಗಗಳಲ್ಲಿ. ಅದರಲ್ಲಿಯೂ ರೋಟರಿನ ಕೊರಳು ಅತ್ಯಂತ ಕಠಿಣವಾದ ಜಾಗ. ಹಿಡಿಕೆಗಿಂತ ಐದಾರು ಪಟ್ಟು ವೇಗದಲ್ಲಿ ತಿರುಗುವ ಆ ಭಾಗಕ್ಕೆ ರಬ್ಬರಿನ ತುಟಿಯೊಂದು ಸದಾ ಒತ್ತಿಕೊಂಡಿರಬೇಕು. ಪವರ್ ಟಿಲ್ಲರಿನ ಆಯಿಲ್ ಸೀಲ್ ಬದಲಾಯಿಸಿದವರಿಗೆ ಈ ತುಟಿಯ ಪರಿಚಯವಿದೆ. ತುಟಿ ಬಿಗಿಯಾದಷ್ಟೂ ನೀರು ನಿಲ್ಲುತ್ತದೆ, ಹಿಡಿಕೆ ಭಾರವಾಗುತ್ತದೆ. ಸಡಿಲವಾದಷ್ಟೂ ಹಿಡಿಕೆ ಹಗುರ, ನೀರಿಗೆ ದಾರಿ. ಅಂಗಡಿಯಲ್ಲಿ ಹಿಡಿಕೆಯನ್ನೊಮ್ಮೆ ಬೀಸಿ, ಗಾಳಿಯಲ್ಲಿ ಎಷ್ಟು ಸುತ್ತು ತಾನಾಗಿ ತಿರುಗುತ್ತದೆ ಎಂದು ನೋಡಿ ರೀಲು ಆರಿಸುವ ಅಭ್ಯಾಸ ನಮ್ಮಲ್ಲಿದೆ. ಸಮುದ್ರದ ರೀಲನ್ನು ಹಾಗೆ ಆರಿಸುವುದು ತಪ್ಪು ಎಂಬುದು ನನ್ನ ಖಚಿತವಾದ ಅಭಿಪ್ರಾಯ, ಏಕೆಂದರೆ ಒಳ್ಳೆಯ ಸೀಲ್ ಇರುವ ರೀಲು ಹೊಸದರಲ್ಲಿ ತುಸು ಬಿಗಿಯಾಗಿಯೇ ತಿರುಗಬೇಕು.

ತುಟಿಯ ಒತ್ತಡವಿಲ್ಲದೆ ನೀರು ತಡೆಯುವ ಇನ್ನೊಂದು ಉಪಾಯವೂ ಉಂಟು. ಜಪಾನಿನ ಡೈವಾ ಕಂಪನಿಯ ‘ಮ್ಯಾಗ್‌ಸೀಲ್ಡ್’ ರೀಲುಗಳಲ್ಲಿ ಕೊರಳಿನ ಕಿರುಸಂದಿನಲ್ಲಿ ಅಯಸ್ಕಾಂತವೊಂದು ಕಾಂತೀಯ ಎಣ್ಣೆಯನ್ನು ಗೋಡೆಯಂತೆ ಹಿಡಿದು ನಿಲ್ಲಿಸುತ್ತದೆ. ಕಾಂತೀಯ ದ್ರವವೆಂಬುದು 1963ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಸ್ಟೀವ್ ಪ್ಯಾಪೆಲ್ ಅವರು ರಾಕೆಟ್ ಇಂಧನಕ್ಕಾಗಿ ರೂಪಿಸಿದ ವಸ್ತು. ಇಲ್ಲಿ ಘನವಸ್ತುಗಳು ಒಂದಕ್ಕೊಂದು ಉಜ್ಜುವುದಿಲ್ಲವಾದ್ದರಿಂದ ಹಿಡಿಕೆ ಹಗುರವಾಗಿರುತ್ತದೆ; ಆದರೆ ತಿಳಿಯದೆ ಆ ಜಾಗಕ್ಕೆ ಬೇರೆ ಎಣ್ಣೆ ಬಿಟ್ಟರೆ ಗೋಡೆ ಕೆಡುತ್ತದೆ. ಮನೆಯಲ್ಲಿಯೇ ಬಿಚ್ಚಿ ಎಣ್ಣೆ ಹಾಕುವ ಹವ್ಯಾಸವಿರುವವರು ಇದನ್ನು ಗಮನದಲ್ಲಿಡಬೇಕು.

ಇಷ್ಟೆಲ್ಲ ಜೋಪಾನ ಉಪ್ಪುನೀರಿಗಾಗಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ತುಕ್ಕು ಹಿಡಿಯದ ಸ್ಟೀಲ್ ಎನ್ನುತ್ತೇವಲ್ಲ, ಅದರಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇದ್ದು, ಅದು ಮೇಲ್ಮೈಯಲ್ಲಿ ತೆಳ್ಳಗಿನ ಆಕ್ಸೈಡ್ ಪೊರೆ ಕಟ್ಟಿಕೊಳ್ಳುವುದರಿಂದಲೇ ತುಕ್ಕು ನಿಲ್ಲುತ್ತದೆ. ಲವಣದ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಮುರಿದು ಸೂಜಿಮೊನೆಯಂಥ ಗುಳಿಗಳನ್ನು ತೋಡುತ್ತದೆ. ಬೇರಿಂಗಿನ ಗುಂಡುಗಳಿಗೆ ಒಂದೇ ಒಂದು ಗುಳಿ ಬಿದ್ದರೂ ಕೈಗೆ ಕರಕರ ತಿಳಿಯುತ್ತದೆ. ಇದಲ್ಲದೆ ಅಲ್ಯೂಮಿನಿಯಂ ಒಡಲಿಗೆ ಸ್ಟೀಲ್ ತಿರುಪು ಕೂತಿರುವ ಕಡೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗಿ, ಅಲ್ಯೂಮಿನಿಯಂ ಸವೆಯುತ್ತಾ ಬಿಳಿಯ ಪುಡಿಯಾಗುತ್ತದೆ.

ಮಲೆನಾಡಿನವರಿಗೆ ಇನ್ನೊಂದು ತೊಡಕಿದೆ. ಅಡುಗೆಯುಪ್ಪು ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದಾಗ ತಾನೇ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಲವಣದಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧಕ್ಕಿಂತ ಕಡಿಮೆ ತೇವಾಂಶ ಸಾಕು. ಸಕಲೇಶಪುರ, ಮೂಡಿಗೆರೆಗಳ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವಾಗ, ರೀಲಿನೊಳಗೆ ಉಳಿದ ಉಪ್ಪು ಒಣಗುವ ಮಾತೇ ಇಲ್ಲ. ರೀಲು ಹಾಳಾಗುವುದು ಸಮುದ್ರದಲ್ಲಿ ಕಳೆದ ಆ ಆರು ತಾಸಿನಲ್ಲಿ ಅಲ್ಲ, ಮನೆಯ ಅಲಮಾರಿನಲ್ಲಿ ಕಳೆದ ಮೂರು ತಿಂಗಳಲ್ಲಿ.

ಈಗ ಪೆಟ್ಟಿಗೆಯ ಮೇಲಿನ ಅಂಕಿಗೆ ಬರೋಣ. ಕೆಲವು ಕಂಪನಿಗಳು ‘ಐಪಿಎಕ್ಸ್’ ಎಂಬ ಸಂಕೇತವನ್ನು ಕೊಡುತ್ತವೆ. ಇದು ವಿದ್ಯುತ್ ಉಪಕರಣಗಳಿಗಾಗಿ ರೂಪಿಸಿದ ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದಿಂದ ಎರವಲು ತಂದದ್ದು. ಕಾಫಿ ತೋಟಗಳ ಅನೇಕ ಪಂಪ್ ಮೋಟಾರುಗಳ ತಗಡಿನ ಮೇಲೆ ‘ಐಪಿ 55’ ಎಂದು ಕೊರೆದಿರುವುದೂ ಇದೇ ಸಂಕೇತ: ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ರೀಲಿನಲ್ಲಿ ಧೂಳಿನ ಅಂಕಿಯನ್ನು ಕೊಡದಿರುವುದರಿಂದ ಆ ಜಾಗದಲ್ಲಿ ‘ಎಕ್ಸ್’ ಇರುತ್ತದೆ. ಐಪಿಎಕ್ಸ್ 5 ಎಂದರೆ 6.3 ಮಿಲಿಮೀಟರ್ ಬಾಯಿಯ ಕೊಳವೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಚಿಮ್ಮಿಸಿ ನೋಡಿದ ಪರೀಕ್ಷೆ. ಐಪಿಎಕ್ಸ್ 6ರಲ್ಲಿ ಬಾಯಿ 12.5 ಮಿಲಿಮೀಟರ್, ನೀರು ನಿಮಿಷಕ್ಕೆ 100 ಲೀಟರ್. ಲೆಕ್ಕ ಹಾಕಿದರೆ ಆ ನೀರು ಸೆಕೆಂಡಿಗೆ 13 ಮೀಟರಿಗೂ ಹೆಚ್ಚು ವೇಗದಲ್ಲಿ ಬಡಿಯುತ್ತದೆ. ಐಪಿಎಕ್ಸ್ 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಡುವುದು. 8 ಎಂದರೆ ಅದಕ್ಕಿಂತ ಕಠಿಣವಾದ, ತಯಾರಕರೇ ಹೇಳುವ ಆಳ ಮತ್ತು ಅವಧಿ. ಪೆನ್ ಕಂಪನಿಯ ಸ್ಪಿನ್‌ಫಿಶರ್ 6ನೆಯ ಆವೃತ್ತಿಗೆ ಐಪಿಎಕ್ಸ್ 5, ಸ್ಲ್ಯಾಮರ್ 3ನೆಯ ಆವೃತ್ತಿಗೆ ಐಪಿಎಕ್ಸ್ 6, ಅಥಾರಿಟಿಗೆ ಐಪಿಎಕ್ಸ್ 8 ಎಂಬ ದರ್ಜೆಯಿದೆ.

ಇಲ್ಲಿ ಬಹಳ ಮಂದಿ ಎಡವುವ ಒಂದು ಸಂಗತಿಯಿದೆ. 6ರವರೆಗಿನ ಅಂಕಿಗಳು ಮೆಟ್ಟಿಲುಗಳಂತೆ ಒಂದರ ಮೇಲೊಂದು ನಿಲ್ಲುತ್ತವೆ, ಆದರೆ 7 ಮತ್ತು 8 ಬೇರೆಯೇ ಏಣಿಯವು. ಮುಳುಗುವ ಪರೀಕ್ಷೆಯಲ್ಲಿ ಗೆದ್ದ ವಸ್ತು ಚಿಮ್ಮುವ ನೀರನ್ನೂ ತಡೆಯುತ್ತದೆ ಎಂದು ಮಾನಕ ಹೇಳುವುದಿಲ್ಲ. ಎರಡನ್ನೂ ತಡೆದಿದ್ದರೆ ಎರಡು ಅಂಕಿಗಳನ್ನೂ ಬರೆಯಬೇಕು. ಕಲ್ಲುದಂಡೆಯ ಮೇಲೆ ಅಲೆ ಮೈಮೇಲೆ ಒಡೆಯುವಾಗ ಬೇಕಾದದ್ದು ಚಿಮ್ಮುವ ನೀರಿನ ತಡೆ. ಕೈಜಾರಿ ರೀಲು ನೀರಿಗೆ ಬಿದ್ದಾಗ ಬೇಕಾದದ್ದು ಮುಳುಗಿನ ತಡೆ. ಇದಲ್ಲದೆ ಈ ಪರೀಕ್ಷೆಗಳು ಸಿಹಿನೀರಿನಲ್ಲಿ, ಹೊಸ ವಸ್ತುವಿನ ಮೇಲೆ ನಡೆಯುವಂಥವು. ಮರಳು ಸೇರಿದ ಉಪ್ಪುನೀರಿನಲ್ಲಿ ಎರಡು ವರ್ಷ ತಿರುಗಿ ಸವೆದ ತುಟಿಯ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ನಮ್ಮ ಎತ್ತರದ ಪ್ರಶ್ನೆಯೂ ಇದರೊಂದಿಗೆ ಸೇರಿಕೊಳ್ಳುತ್ತದೆ. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಶಿರಾಡಿ ಹತ್ತಿ ಸಕಲೇಶಪುರ ಮುಟ್ಟುವಷ್ಟರಲ್ಲಿ ಉಬ್ಬಿ ಬಿರಿಯುವಂತಾಗುವುದನ್ನು ಎಲ್ಲರೂ ಕಂಡಿದ್ದೇವೆ. ರೀಲಿನಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ಬಿಚ್ಚಿ, ಗ್ರೀಸ್ ಹಚ್ಚಿ, ಮುಚ್ಚಿದ ರೀಲಿನೊಳಗೆ ಇರುವುದು ಹಾಸನದ ತೆಳುಗಾಳಿ. ಕರಾವಳಿಗೆ ಇಳಿದಾಗ ಹೊರಗಿನ ಒತ್ತಡ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚಾಗುತ್ತದೆ, ಎಂದರೆ ಒಂದು ಮೀಟರ್ ಆಳದ ನೀರಿನ ಒತ್ತಡದಷ್ಟು. ರೀಲು ಇನ್ನೂ ನೀರು ಮುಟ್ಟುವ ಮೊದಲೇ ಅದರ ಸೀಲುಗಳು ಐಪಿಎಕ್ಸ್ 7ರ ಆಳದಲ್ಲಿ ನಿಂತಂತಾಗುತ್ತದೆ! ರಬ್ಬರಿನ ತುಟಿ ಗಾಳಿಯನ್ನು ಮೆಲ್ಲಗೆ ಒಳಬಿಡುವುದರಿಂದ ಪೂರ್ತಿ ಒತ್ತಡ ಬಹಳ ಹೊತ್ತು ಉಳಿಯದು. ಆದರೂ ಘಾಟಿ ಇಳಿದ ಮೇಲೆ, ದಡದ ಒಣಜಾಗದಲ್ಲಿ, ಹಿಡಿಕೆಯ ಎದುರು ಬದಿಯ ಮುಚ್ಚಳವನ್ನು ಒಮ್ಮೆ ಸಡಿಲಿಸಿ ಬಿಗಿದು ಒಳಹೊರಗಿನ ಗಾಳಿಯನ್ನು ಸಮಮಾಡಿಕೊಳ್ಳುವುದನ್ನು ನಾನು ಪದ್ಧತಿಯಾಗಿ ಮಾಡಿಕೊಂಡಿದ್ದೇನೆ.

ಬಿಸಿಲಿನದೂ ಇದೇ ಲೆಕ್ಕ. ಕಾರಿನಲ್ಲಿಟ್ಟು 50 ಡಿಗ್ರಿಗೆ ಕಾದ ರೀಲನ್ನು 28 ಡಿಗ್ರಿಯ ನೀರಿನ ಬಕೆಟ್ಟಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ, ಸುಮಾರು 70 ಸೆಂಟಿಮೀಟರ್ ಆಳದ ನೀರಿನ ಒತ್ತಡಕ್ಕೆ ಸಮನಾದ ಸೆಳೆತ ಉಂಟಾಗುತ್ತದೆ. ತೊಳೆಯಲೆಂದು ಅದ್ದಿದ ನೀರೇ ಅಂಚಿನ ಉಪ್ಪನ್ನು ಹೊತ್ತು ಒಳಗೆ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನದೊಂದು ರೀಲು ಕಲ್ಲಿನ ಮೇಲಿಂದ ಜಾರಿ ಅಲೆಗೆ ಸಿಕ್ಕಿತ್ತು. ಅಂದು ಸಂಜೆಯವರೆಗೂ ನುಣ್ಣಗೆ ತಿರುಗಿತು. ಊರಿಗೆ ಬಂದು ಹೊರಮೈ ತೊಳೆದು ಒರೆಸಿಟ್ಟೆ. ದೀಪಾವಳಿಯ ಹೊತ್ತಿಗೆ ಹಿಡಿಕೆ ಅಲುಗಲಿಲ್ಲ. ಹಾಸನದಲ್ಲಿ ಪಂಪ್ ರಿಪೇರಿ ಮಾಡುವವರೊಬ್ಬರ ಬಳಿ ಬಿಚ್ಚಿಸಿದಾಗ ಗ್ರೀಸು ನೀರು ಬೆರೆತು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು, ಬೇರಿಂಗುಗಳು ಕಂದಾಗಿದ್ದವು. ‘ಸೀಲ್ ಏನೂ ಹೋಗಿಲ್ಲ ಸಾರ್, ಒಳಕ್ಕೋಗಿರೋ ನೀರು ಆಚೆ ಬರಕ್ಕೆ ದಾರಿ ಇಲ್ದೆ ಅಲ್ಲೇ ಕೂತ್ಬಿಟ್ಟಿದೆ’ ಎಂದರು ಅವರು. ಜಲರೋಧವೆಂಬ ಪದದ ಉಳಿದರ್ಧ ನನಗೆ ತಿಳಿದದ್ದು ಆಗ. ಸೀಲಿಗೆ ಒಳಗು ಹೊರಗು ಎಂಬ ಪಕ್ಷಪಾತವಿಲ್ಲ. ಹೊರಗಿನ ನೀರನ್ನು ತಡೆದಷ್ಟೇ ನಿಷ್ಠೆಯಿಂದ ಒಳಗಿನ ನೀರನ್ನೂ ಹಿಡಿದಿಡುತ್ತದೆ. ಸೀಲ್ ಇಲ್ಲದ ಹಳೆಯ ರೀಲಾಗಿದ್ದರೆ ನೀರು ಬಂದಂತೆಯೇ ಸೋರಿ ಆರುತ್ತಿತ್ತೋ ಏನೋ. ಆದ್ದರಿಂದ ಪೂರ್ತಿ ಮುಳುಗಿದ ರೀಲನ್ನು, ಅದರ ದರ್ಜೆ ಏನೇ ಇರಲಿ, ಆ ವಾರದಲ್ಲಿಯೇ ಬಿಚ್ಚಿಸಿ ನೋಡಬೇಕು.

ಸಾಮಾನ್ಯ ದಿನದ ತೊಳೆತ ಇದಕ್ಕಿಂತ ಸುಲಭ. ರೀಲು ತಣ್ಣಗಾದ ಮೇಲೆ ಡ್ರ್ಯಾಗಿನ ತಿರುಪನ್ನು ಪೂರ್ತಿ ಬಿಗಿದು, ನಲ್ಲಿಯ ಸಿಹಿನೀರನ್ನು ಸಣ್ಣಗೆ ಸುರಿಸಿ, ಮೆದುಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಇಟ್ಟು, ಒಣಗಿದ ಮೇಲೆ ಡ್ರ್ಯಾಗನ್ನು ಮರಳಿ ಸಡಿಲಿಸಬೇಕು. ಬಿಗಿದೇ ಬಿಟ್ಟರೆ ಬಿಲ್ಲೆಗಳು ಅಮುಕಿಕೊಂಡು ಕೂರುತ್ತವೆ. ವಾಹನ ತೊಳೆಯುವ ಪ್ರೆಶರ್ ಪಂಪನ್ನು ಹತ್ತಿರ ತರಬಾರದು. ದಾರ ಹಾದುಹೋಗುವ ಲೈನ್ ರೋಲರಿಗೆ ಮಾತ್ರ ಪ್ರತಿಸಲವೂ ಒಂದು ಹನಿ ಎಣ್ಣೆ ಬಿಡುವುದು ಒಳ್ಳೆಯದು (ಕಾಂತೀಯ ಸೀಲಿನ ರೋಲರಾಗಿದ್ದರೆ ಅದನ್ನೂ ಬಿಡಬಾರದು), ಏಕೆಂದರೆ ಒಡಲಿನ ಯಾವ ಸೀಲಿನ ರಕ್ಷಣೆಯೂ ತಲುಪದ ಜಾಗ ಅದು. ಪ್ರತಿ ಸುತ್ತಿನಲ್ಲಿಯೂ ದಾರ ಹೊತ್ತು ತರುವ ಸಮುದ್ರದ ನೀರು ಮೊದಲು ಬೀಳುವುದು ಅಲ್ಲಿಗೆ, ಬೇರಿಂಗ್ ಮೊದಲು ಹಿಡಿದುಕೊಳ್ಳುವುದೂ ಅಲ್ಲಿಯೇ. ರೋಲರ್ ತಿರುಗುವುದು ನಿಂತರೆ ಹೆಣೆದ ದಾರ ಅದರ ಮೇಲೆ ಉಜ್ಜಿ ನಾರುನಾರಾಗುತ್ತದೆ, ಮತ್ತು ಅದು ಗೊತ್ತಾಗುವುದು ಹೆಚ್ಚಾಗಿ ದೊಡ್ಡ ಅಂಜಲ್ ಮೀನೊಂದು ದಾರ ಕಡಿದುಕೊಂಡು ಹೋದ ಮೇಲೆ.